ಸುತ್ತಿನ ಲೆಕ್ಕ

ಗುತ್ತಲು ರಸ್ತೆಯಲ್ಲಿ ನನ್ನ ಅಂಗಡಿಗೆ ಬೋರ್ಡಿಲ್ಲ;
ಬಾಗಿಲಿಗೆ ನೇತುಹಾಕಿದ ಸುಟ್ಟ ಕಾಯಿಲುಗಳೇ ಬೋರ್ಡು.
ಹೆಂಗಸು ಮೋಟರು ಕಟ್ಟುತ್ತಾಳಂತೆ ಎಂದು
ನೋಡಲು ಬಂದವರು ನೋಡಿಕೊಂಡೇ ಹೋದರು ಒಂದು ವರ್ಷ.
ಎರಡನೆಯ ವರ್ಷ ಮೋಟರನ್ನೂ ತಂದರು.

ಕಲಿತದ್ದು ಹಯಾತ್ ಸಾಬರ ಹತ್ತಿರ.
ವಾರ್ನಿಷ್ ಬಳಿಯುವುದು, ಬಿದಿರ ಬೆಣೆ ಕೆತ್ತುವುದು,
ಸ್ಲಾಟಿನೊಳಗೆ ಕಾಗದ ಮಡಿಸಿ ಕೂರಿಸುವುದು,
ಎಲ್ಲ ಹೇಳಿಕೊಟ್ಟರು, ಗದರಿಸಿ.
ಸುತ್ತು ಎಷ್ಟು, ಗೇಜು ಎಷ್ಟು ಅನ್ನುವಲ್ಲಿ ಮಾತ್ರ
ನೀಲಿ ರಟ್ಟಿನ ಪುಸ್ತಕ ತೆರೆದು
ಎಡಗೈ ಅಡ್ಡ ಇಟ್ಟುಕೊಳ್ಳೋರು,
ಪರೀಕ್ಷೆಯಲ್ಲಿ ಪಕ್ಕದವನು ಕಾಪಿ ಹೊಡೆಯದಂತೆ.
ನನಗೆ ಸಿಟ್ಟು ಬರುತ್ತಿತ್ತು. ಈಗ ಅಷ್ಟಿಲ್ಲ.
ಮನೆಯಲ್ಲಿ ಐದು ಬಾಯಿ; ಆ ಪುಸ್ತಕವೇ ಅವರ ಎರಡೆಕರೆ.

ಅವರು ಹೋದ ಮೇಲೆ ಒಂದು ಮೋಟರು ಬಂತು,
ಕೆರಗೋಡಿನಿಂದ, ಗೋಣಿಚೀಲದಲ್ಲಿ.
ಬೇರೆ ಯಾರೋ ತಾಮ್ರ ಕಿತ್ತು ಮಾರಿಕೊಂಡು
ಬರೀ ಕಬ್ಬಿಣದ ಬಾಯಿ ಉಳಿಸಿದ್ದರು.
ಹೆಸರಿನ ತಗಡು ಸವೆದಿತ್ತು. ಎಣಿಸಲು ಏನೂ ಇಲ್ಲ.
"ನಾಳಿದ್ದು ಬತ್ತಕ್ಕೆ ನೀರು ಕಟ್ಬೇಕು ಕಣವ್ವ" ಅಂದ ತಂದವನು.

ರಾತ್ರಿ ಹತ್ತೂವರೆಗೆ ಫೋಟೊ ತೆಗೆದೆ,
ಅಳತೆ ಗೊತ್ತಾಗಲಿ ಅಂತ ಪಕ್ಕದಲ್ಲಿ ಬೆಂಕಿಪೊಟ್ಟಣ ಇಟ್ಟು.
ಗ್ರೂಪಿನ ಹೆಸರು ಮೋಟರ್ ಬಳಗ. ಎಂಟುನೂರು ಜನ.
ಬೆಳಿಗ್ಗೆ ಸೂರ್ಯಕಾಂತಿ ಹೂವಿನ ಶುಭೋದಯ,
ಮಧ್ಯಾಹ್ನ ಯಾರದೋ ಪಕ್ಷದ ಜಗಳ, ಅಡ್ಮಿನ್ನಿನ ಮುಗಿದ ಕೈ,
ಇಷ್ಟರ ನಡುವೆ ಎಲ್ಲೋ ವಿದ್ಯೆ.

ಮೊದಲ ಉತ್ತರ ಬಲು ಜಂಬದ್ದು, ತಪ್ಪು.
ಎರಡನೆಯದು ಬರೀ ಹೆಬ್ಬೆರಳು.
ಮೂರನೆಯದು ಗಂಗಾವತಿಯ ವೀರಭದ್ರಪ್ಪ ಅನ್ನೋರದು:
"ತಂಗಿ, ಕೋರಿನ ಉದ್ದ ಹೇಳದೆ ಲೆಕ್ಕ ಕೇಳಬಾರದು.
ಕಾಲು ತೋರಿಸದೆ ಚಪ್ಪಲಿ ಹೊಲಿ ಅಂದಂಗೆ ಅದು."
ಅವತ್ತು ಗೊತ್ತಾಯಿತು, ಕೇಳುವುದೂ ಒಂದು ಕಸುಬು.
ಅಳೆದೆ. ಹಲ್ಲಿನ ಅಗಲ, ಒಳವ್ಯಾಸ, ಉದ್ದ. ಕಳಿಸಿದೆ.
ಹನ್ನೆರಡಕ್ಕೆ ಬಂತು, ಹಾಳೆಯ ಮೇಲೆ ಪೆನ್ಸಿಲಿನ ಗುಣಾಕಾರ,
ಉತ್ತರಕ್ಕೆ ಹೋದ ದಾರಿಯ ಸಮೇತ.
ಕೊನೆಗೆ: "ಕಟ್ಟಿ ನೋಡಿ, ತಪ್ಪಿದ್ರೆ ನಂಗೂ ಹೇಳಿ."

ಮರುದಿನ ಸಂಜೆ ಲೈನು ಕೊಟ್ಟಾಗ
ಟಾಂಗ್ ಟೆಸ್ಟರಿನ ಮುಳ್ಳು ಮೂರರ ಪಕ್ಕ ನಿಂತು
ಅಲುಗಲಿಲ್ಲ. ಮೋಟರು
ತುಂಬಿದ ಜೇನುಗೂಡಿನ ಹಾಗೆ ಗುಂಯ್ ಅಂತು.
ಆ ಮನುಷ್ಯನ ಮುಖ ನಾನಿನ್ನೂ ನೋಡಿಲ್ಲ;
ಅವರ ಡಿಪಿಯಲ್ಲಿ ಇರುವುದು ಒಂದು ಎತ್ತು.

ಕಳೆದ ತಿಂಗಳು ಸಾಬರ ಮಗಳು ರಿಹಾನಾ
ಮನೆ ಬದಲಿಸುವಾಗ ಸಿಕ್ಕಿತೆಂದು
ಆ ಪುಸ್ತಕ ತಂದು ಕೊಟ್ಟಳು.
ಎರಡು ದಿನ ತೆರೆಯಲಿಲ್ಲ. ಅಡ್ಡ ಇಟ್ಟ ಎಡಗೈ
ಇನ್ನೂ ಅಲ್ಲೇ ಇದೆ ಅನ್ನಿಸಿ.
ತೆರೆದರೆ, ಒಂದೊಂದು ಲೆಕ್ಕದ ಕೆಳಗೂ ಸಣ್ಣಗೆ ಒಂದೊಂದು ಹೆಸರು:
"ಭದ್ರಾವತಿ ಮುನಿಸ್ವಾಮಿ ಹೇಳಿದ್ದು, ರೈಲಿನಲ್ಲಿ."
"ದಾವಣಗೆರೆ ಮಿಲ್ಲಿನ ಫೋರ್‌ಮನ್. ಎರಡು ಟೀ, ಒಂದು ಬನ್ನು."
"ಕೊಯಮತ್ತೂರಿಂದ ಕಾರ್ಡು ಬಂತು. ದೇವರು ಒಳ್ಳೇದು ಮಾಡಲಿ."

ಕೈ ಅಡ್ಡ ಇಟ್ಟವರಿಗೂ
ಯಾರೋ ಕೈ ತೆಗೆದು ತೋರಿಸಿದ್ದರು.

ಒಂದು ಪುಟ ಬಳಗಕ್ಕೆ ಹಾಕಿದೆ, ಹೆಸರುಗಳನ್ನು ಅಳಿಸದೆ,
ಕೊನೆಯಲ್ಲಿ ಅವರದೂ ಸೇರಿಸಿ.
ಇದ್ದಿದ್ದರೆ ಬೈಯುತ್ತಿದ್ದರೇನೋ. ಬೈಯಲಿ.

ಶಹಾಪುರದಿಂದ ಒಬ್ಬ ಹುಡುಗ ಕೇಳಿದ್ದಾನೆ ಈಗ:
"ಅಕ್ಕಾ, ಮೂರು ಎಚ್‌ಪಿ, ತಗಡಿಲ್ಲ, ಗೇಜ್ ಎಷ್ಟು?"
ಫೋಟೊ ಮಸುಕು. ಪಕ್ಕದಲ್ಲಿ ಬೆಂಕಿಪೊಟ್ಟಣವೂ ಇಲ್ಲ.
ನನ್ನ ಕೈಯೆಲ್ಲ ವಾರ್ನಿಷ್ಷು.
ಬೆರಳ ಗೆಣ್ಣಿನಲ್ಲಿ ಮೈಕು ಒತ್ತಿ ಹಿಡಿದು ಹೇಳುತ್ತೇನೆ:
"ಮೊದಲು ಕೋರು ಅಳೆಯಪ್ಪ."